ಮೆಟ್ಟಿಲ ಕೆಳಗಿನ ಸರ್ವರ್ ಮತ್ತು ಅಪ್ಪನ ದಡಿಗಳು

ಬೆಳಗಾವಿಯ ಖಾಸಬಾಗದ ನಮ್ಮ ಮನೆಯಲ್ಲಿ ಮೆಟ್ಟಿಲ ಕೆಳಗೆ, ಮೊದಲು ಕಟ್ಟಿಗೆ ಒಟ್ಟುತ್ತಿದ್ದ ಸಂದಿಯಲ್ಲಿ, ಒಂದು ಹಳೆಯ ಸರ್ವರ್ ಇತ್ತು. ನಾನು ಅದನ್ನು ತೆರೆದಾಗಲೆಲ್ಲ ಪರದೆಯ ಮೇಲೆ ಮೊದಲು ಮೂಡುತ್ತಿದ್ದುದು ಒಂದೇ ಸಾಲು: ಫೈಲ್ ಸಿಸ್ಟಂ ತಪಾಸಣೆಯಾಗಿ ಬಹಳ ದಿನಗಳಾಗಿವೆ, ತಪಾಸಣೆ ಮಾಡಿಸುವುದು ಒಳ್ಳೆಯದು. ಆ 'ಒಳ್ಳೆಯದು' ನನ್ನ ಮೈ ಉರಿಸುತ್ತಿತ್ತು. ಮದುವೆ ಮಾಡಿಕೊಳ್ಳುವುದು ಒಳ್ಳೆಯದು ಎಂದು ನಮ್ಮ ಸೋದರತ್ತೆ ಹೇಳುತ್ತಿದ್ದುದೂ ಅದೇ ಧಾಟಿಯಲ್ಲಿ. ಹೇಳುವವರಿಗೆ ಖರ್ಚಿಲ್ಲ, ಕೇಳುವವರಿಗೆ ದಾರಿಯಿಲ್ಲ.

ದಾರಿಯಿರಲಿಲ್ಲ ಎಂದರೆ ನಿಜವಾಗಿಯೂ ಇರಲಿಲ್ಲ. ನನ್ನ ಕೆಲಸವೇ ಅದು. ಶಿವಬಸವ ನಗರದ ಒಂದು ಕಚೇರಿಯಲ್ಲಿ ಇಂಥ ಯಂತ್ರಗಳ ದೇಖರೇಖಿ ನೋಡುತ್ತೇನೆ. ಯಾವ ಫೈಲು ಡಿಸ್ಕಿನ ಯಾವ ಮೂಲೆಯಲ್ಲಿದೆ, ಅದರ ತುಂಡುಗಳು ಎಲ್ಲೆಲ್ಲಿ ಚದುರಿವೆ ಎಂಬುದಕ್ಕೆ ಒಂದು ನಕಾಶೆ ಇರುತ್ತದೆ. ಫೈಲ್ ಸಿಸ್ಟಂ ಎಂದರೆ ಅದೇ. ತಪಾಸಣೆಯೆಂದರೆ ಆ ಇಡೀ ನಕಾಶೆಯನ್ನು ಒಮ್ಮೆಲೇ ಮೆಮರಿಯಲ್ಲಿ ಹರವಿಕೊಂಡು ತಪ್ಪು ಹುಡುಕುವುದು. ನಮ್ಮ ಯಂತ್ರದ ಡಿಸ್ಕುಗಳು ದೊಡ್ಡವು, ಮೆಮರಿ ಚಿಕ್ಕದು. ಅಂಗೈಯಗಲದ ಮಣೆಯ ಮೇಲೆ ಇಲಕಲ್ ಸೀರೆ ಹರವಲು ಹೋದಂತೆ. ತಪಾಸಣೆ ಶುರು ಮಾಡಿದರೆ ಸ್ವಲ್ಪ ದೂರ ಹೋಗಿ, ಮೆಮರಿ ಸಾಲದು ಎಂದು ಕೈಚೆಲ್ಲಿ ಕೂರುತ್ತಿತ್ತು. ಮರುದಿನ ಮತ್ತೆ ಅದೇ ಸಾಲು, ತಪಾಸಣೆ ಮಾಡಿಸುವುದು ಒಳ್ಳೆಯದು. ಮಾಡಿಸು ಅನ್ನುವುದೂ ಅದೇ, ಮಾಡಿಸಿಕೊಳ್ಳದಿರುವುದೂ ಅದೇ. ಇಂಥ ಗಂಡನನ್ನು ಕಟ್ಟಿಕೊಂಡವರ ಪಾಡು ನನಗೆ ಆಗ ಅರ್ಥವಾಯಿತು.

ಯಂತ್ರ ನನ್ನದಲ್ಲ, ಅಪ್ಪನದು. ಅದರೊಳಗೆ ಇದ್ದುದು ಅಪ್ಪನ ದಡಿಗಳು.

ಅಪ್ಪ ಸೀರೆಯ ದಡಿ, ಅಂದರೆ ಅಂಚಿನ ವಿನ್ಯಾಸ, ಬರೆಯುತ್ತಿದ್ದ. ಮಗ್ಗದ ಮೇಲೆ ಕೂತವನಲ್ಲ. ಮಗ್ಗ ಏನು ನೇಯಬೇಕು ಎಂದು ಹೇಳುವವನು. ಚೌಕಳಿ ಹಾಳೆಯ ಮೇಲೆ ಒಂದೊಂದೇ ಮನೆ ತುಂಬುತ್ತ, ಎಲ್ಲಿ ದಾರ ಮೇಲೆ ಬರಬೇಕು, ಎಲ್ಲಿ ಕೆಳಗೆ ಹೋಗಬೇಕು ಎಂದು ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದ. ಆ ಹಾಳೆ ನೋಡಿ ರಟ್ಟಿಗೆ ತೂತು ಹೊಡೆದು, ಮಗ್ಗದ ಮೇಲಿನ ಜಕಾರ್ಡ್ ಯಂತ್ರಕ್ಕೆ ಏರಿಸಿದರೆ ಸೀರೆಯ ಅಂಚಿನಲ್ಲಿ ಅಪ್ಪನ ಹೂವು ಅರಳುತ್ತಿತ್ತು. ಖಾಸಬಾಗದ ಎಷ್ಟೋ ಮಗ್ಗಗಳ ಮೇಲೆ ಅಪ್ಪನ ದಡಿ ಓಡಿದೆ. ಉಟ್ಟವರಿಗೆ ಅವನ ಹೆಸರು ಗೊತ್ತಿಲ್ಲ, ಅವನಿಗೂ ಅದರ ಬಗ್ಗೆ ಬೇಜಾರಿಲ್ಲ. ಆದರೆ ಬಸ್ಸಿನಲ್ಲಿ ಎದುರಿಗೆ ಕೂತ ಹೆಂಗಸಿನ ಸೀರೆಯ ಅಂಚು ತನ್ನದಾಗಿದ್ದರೆ ಮೊಣಕೈಯಿಂದ ನನ್ನನ್ನು ತಿವಿಯುತ್ತಿದ್ದ. ಪರಸ್ತ್ರೀಯ ಸೀರೆಯ ಅಂಚನ್ನು ಹಾಗೆ ಎವೆಯಿಕ್ಕದೆ ನೋಡುವ ಗಂಡನನ್ನು ಕಟ್ಟಿಕೊಂಡು ಅವ್ವ ಸಾಕಷ್ಟು ಮುಜುಗರ ಪಟ್ಟಿದ್ದಾಳೆ.

ದಡಿಗಳಿಗೆ ಅವನೇ ಹೆಸರಿಡುತ್ತಿದ್ದ. ಇರುವೆ ಸಾಲು, ಹುಣಸೆ ಹೂವು, ಅವ್ವನ ಬಳೆ. ಅವನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಗುಬ್ಬಿ ಕಾಲು. ಕಟ್ಟೆಯ ಮೇಲೆ ಚೆಲ್ಲಿದ್ದ ಜೋಳದ ಹಿಟ್ಟಿನಲ್ಲಿ ಗುಬ್ಬಿ ನಡೆದುಹೋಗಿದ್ದ ಗುರುತನ್ನು ಅವ್ವ ಒರೆಸಲು ಬಂದಾಗ, ಅರಿವೆ ಹಿಡಿದ ಅವಳ ಕೈಯನ್ನೇ ಹಿಡಿದು ನಿಲ್ಲಿಸಿ, ಹಾಳೆ ತಂದು, ಅಲ್ಲೇ ಕೂತು ಬರೆದದ್ದಂತೆ. ಅವ್ವ ಅದನ್ನು ಈಗಲೂ ಬೈಯುತ್ತಲೇ ಹೇಳುತ್ತಾಳೆ, ಹೇಳುವಾಗ ಮುಖ ಮಾತ್ರ ಬೇರೆಯಾಗಿರುತ್ತದೆ.

ಖಾನಾಪುರದ ಒಂದು ಹೆಂಚಿನ ಕಾರ್ಖಾನೆ ಮುಚ್ಚಿದಾಗ ಅಲ್ಲಿಯ ಕಚೇರಿಯ ಸಾಮಾನು ಮಾರಿದರು. ಒಂದೇ ಬಗೆಯ ಎರಡು ಸರ್ವರುಗಳಿದ್ದವು. ಒಂದನ್ನು ಅಪ್ಪ ತಂದ. ಹಳೆಯ ಹಾಳೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಅದರಲ್ಲಿ ತುಂಬಿದೆವು. ಅಪ್ಪ ಹಾಳೆ ಕೊಡುವುದು, ನಾನು ಸ್ಕ್ಯಾನರಿಗೆ ಹಾಕುವುದು. ಅಷ್ಟು ಹೊತ್ತು ನಾವಿಬ್ಬರೂ ಜಗಳವಾಡದೆ ಕೂತದ್ದು ಅದೇ ಮೊದಲು. ಆಮೇಲೆ ಒಂದು ಮಳೆಗಾಲದಲ್ಲಿ ನಮ್ಮ ಓಣಿಗೆ ನೀರು ನುಗ್ಗಿ, ಕೆಳಗಿನ ಟ್ರಂಕಿನಲ್ಲಿದ್ದ ಹಾಳೆಗಳೆಲ್ಲ ನೆನೆದು ಮುದ್ದೆಯಾದವು. ಸರ್ವರ್ ಆಗ ಅಟ್ಟದ ಮೇಲಿತ್ತು, ಉಳಿಯಿತು; ಅಟ್ಟದ ಬಿಸಿಲಿಗೆ ಕಾಯುತ್ತದೆ ಎಂದು ಮೆಟ್ಟಿಲ ಕೆಳಗೆ ಇಳಿಸಿದ್ದು ಆಮೇಲೆ. ಅಪ್ಪ ಹಾಳೆಯ ಮುದ್ದೆಯನ್ನು ಹೊರಗೆ ಚೆಲ್ಲಿ ಬಂದು ಸರ್ವರಿನ ನೆತ್ತಿ ಸವರಿ, "ನೀ ಇದ್ದೀಯಲ್ಲ, ಸಾಕು" ಅಂದ.

ನಂತರ ಸಕ್ಕರೆ ಕಾಯಿಲೆ ಅವನ ಕಣ್ಣಿಗೆ ಇಳಿಯಿತು. ಮೊದಲು ಚೌಕಳಿಯ ಗೆರೆ ಕಾಣದಾಯಿತು, ಆಮೇಲೆ ಹಾಳೆ, ಆಮೇಲೆ ನನ್ನ ಮುಖ. ಈಗ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎನ್ನುವಷ್ಟು ಬೆಳಕು ಮಾತ್ರ ಅವನಿಗೆ ಗೊತ್ತಾಗುತ್ತದೆ. ಹೊಸ ದಡಿ ಬರೆಯುವ ಮಾತೇ ಇಲ್ಲ. ಇದ್ದದ್ದು ಯಂತ್ರದಲ್ಲಿ ಇದ್ದಷ್ಟೇ. ನಕಲು ತೆಗೆದಿಡುವುದು ಒಳ್ಳೆಯದು ಎಂದು ಕಚೇರಿಯಲ್ಲಿ ಎಲ್ಲರಿಗೂ ಹೇಳುವ ನಾನು ಮನೆಯದಕ್ಕೆ ನಕಲು ತೆಗೆದಿರಲಿಲ್ಲ.

ಅವನಿಗೆ ಒಂದೇ ಒಂದು ಆಸೆ ಉಳಿದಿತ್ತು. ಬಾಜೂ ಮನೆಯ ಕಾಕಾನ ಬಳಿ ಕಂಪ್ಯೂಟರ್ ಜಕಾರ್ಡಿನ ಮಗ್ಗವಿತ್ತು. ರಟ್ಟು ಬೇಡ, ಪೆನ್‌ಡ್ರೈವ್ ಚುಚ್ಚಿದರೆ ನೇಯುತ್ತದೆ. ತನ್ನ ಎಲ್ಲ ದಡಿಗಳನ್ನೂ ಒಂದೊಂದು ಗೇಣು ನೇಯಿಸಿ, ಒಂದರ ಮುಂದೊಂದು, ಒಂದೇ ಉದ್ದನೆಯ ಪಟ್ಟಿ ಮಾಡಿಸಬೇಕು ಎಂದು ಅಪ್ಪ ಕೇಳಿದ. ದಪ್ಪ ದಾರ ಹಾಕಿದರೆ ನೇಯ್ಗೆ ಉಬ್ಬಿ ಬರುತ್ತದೆ, ಬೆರಳಿಗೆ ಸಿಗುತ್ತದೆ.

"ಕಣ್ಣ ಹೋದ್ರ ಹೋಗ್ಲಿ, ಬೆರಳ ಅದಾವಲ್ಲ," ಅಂದ. "ದಿನಾ ಒಮ್ಮೆ ಮುಟ್ಟಿ ನೋಡ್ಕೋತ ಕುಂದರ್ತೀನಿ. ಹೊತ್ತ ಹೋಕ್ಕೈತಿ."

ಕಾಕಾ ಒಪ್ಪಿದರು. ಆದರೆ ಅವರದೂ ಒಂದು ಮಾತಿತ್ತು. "ದೀಪಾವಳಿ ಆದ ಮ್ಯಾಲೆ ಮಗ್ಗ ಬಿಚ್ಚಿ ಗುಜರಿಗೆ ಕೊಡಾವ ಅದೀನಿ. ಕಾಲ ನಡ್ಯೂದಿಲ್ಲ, ಕೆಲಸನೂ ನಡ್ಯೂದಿಲ್ಲ. ಅಷ್ಟರಾಗ ಫೈಲ್ ತಂದ ಕೊಡವಾ."

ಓಣಿಯಲ್ಲಿ ಅಂಥ ಮಗ್ಗ ಅದೊಂದೇ ಉಳಿದಿತ್ತು. ಹೂಂ ಅಂದೆ.

ಫೈಲುಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಲು ಹೋದಾಗ ಯಂತ್ರ ಹೊಸ ಮಾತು ತೆಗೆಯಿತು. ದಡಿಗಳ ಫೋಲ್ಡರ್ ತೆರೆಯಲಾರೆ, ಒಳಗಿನ ರಚನೆಯನ್ನು ಶುಚಿ ಮಾಡಬೇಕಾಗಿದೆ. ಇಷ್ಟು ದಿನ 'ಒಳ್ಳೆಯದು' ಎನ್ನುತ್ತಿದ್ದದ್ದು ಈಗ 'ಬೇಕಾಗಿದೆ' ಎನ್ನುತ್ತಿತ್ತು. ಡಿಸ್ಕುಗಳನ್ನು ಕಿತ್ತು ಬೇರೆ ಯಂತ್ರಕ್ಕೆ ಹಾಕೋಣವೆಂದರೆ, ಅವನ್ನೆಲ್ಲ ಒಳಗೆ ಒಂದು ಬೋರ್ಡು ಹೆಣೆದು ಹಿಡಿದಿತ್ತು. ಆ ಬೋರ್ಡು ಬಿಟ್ಟರೆ ಬೇರೆ ಯಾವುದಕ್ಕೂ ಆ ಡಿಸ್ಕುಗಳು ಬರಿ ಖಾಲಿ ತಗಡು. ಅದೇ ಯಂತ್ರದಲ್ಲೇ ತಪಾಸಣೆಯಾಗಬೇಕು. ತಪಾಸಣೆಗೆ ಮೆಮರಿ ಬೇಕು. ಆ ಹಳೆಯ ಜಾತಿಯ ಮೆಮರಿ ಪಟ್ಟಿ ಬೆಳಗಾವಿಯ ಯಾವ ಅಂಗಡಿಯಲ್ಲೂ ಇಲ್ಲ. ಮಹಾಂತೇಶ ನಗರದ ಒಬ್ಬ ಪರಿಚಯದ ಅಂಗಡಿಯವನು ನಾನು ತೋರಿಸಿದ ಪಟ್ಟಿಯನ್ನು ಕೈಯಲ್ಲಿ ತಿರುಗಿಸಿ, "ಅಕ್ಕಾರ, ಇದನ್ನ ಮ್ಯೂಸಿಯಮ್ಮಿಗೆ ಕೊಡ್ರಿ" ಎಂದು ನಕ್ಕ. ನಾನೂ ನಕ್ಕೆ, ಹೊರಗೆ ಬಂದು ಸ್ಕೂಟಿಯ ಮೇಲೆ ಕೂತು ಅತ್ತೆ.

ಆಗ ನೆನಪಾದದ್ದು ಖಾನಾಪುರದ ಜೋಡಿ ಯಂತ್ರ.

ಕಾರ್ಖಾನೆಯ ಮಾಲಕರು ತೀರಿಕೊಂಡಿದ್ದರು. ಅವರ ಮನೆಯವರು ಕಾರ್ಖಾನೆಯ ಹಿಂದಿನ ಮನೆಯಲ್ಲೇ ಇದ್ದರು. ನಾನು ಹೋದದ್ದು ನವರಾತ್ರಿಯ ಮೊದಲ ದಿನಗಳಲ್ಲಿ. ಅಂಗಳದ ತುಂಬ ಮಾರಾಟವಾಗದೆ ಉಳಿದ ಹೆಂಚು ಪಾಚಿಗಟ್ಟಿ ನಿಂತಿದ್ದವು. ಮಾಲಕರ ಹೆಂಡತಿಯನ್ನು ಅಲ್ಲಿಯ ರೂಢಿಯಂತೆ ಕಾಕು ಎಂದೆ. ಅವರು ನನ್ನನ್ನು ಒಳಗೆ ಕರೆದು, ಚಹಾ ಕೊಟ್ಟು, ಬಾಳಾ, ಅಂದರೆ ಮಗೂ ಎಂದು ಕರೆಯುತ್ತ, ನಡುನಡುವೆ ಮರಾಠಿ ಬೆರೆತ ಕನ್ನಡದಲ್ಲಿ ಊರು ಕೇರಿ ವಿಚಾರಿಸಿದರು. ಸರ್ವರ್ ಇತ್ತು. ಸಾಮಾನಿನ ಕೋಣೆಯಲ್ಲಿ ಹಳೆ ಹೊಲಿಗೆ ಯಂತ್ರದ ಬಾಜುವಿನಲ್ಲಿ ಪ್ಲಾಸ್ಟಿಕ್ ಹೊದ್ದು ಕೂತಿತ್ತು. ಮುಚ್ಚಳ ಸ್ವಲ್ಪ ಸರಿಸಿ ನೋಡಿದೆ. ನಮ್ಮದರಲ್ಲಿ ಖಾಲಿ ಇದ್ದ ಜಾಗಗಳೆಲ್ಲ ಅದರಲ್ಲಿ ತುಂಬಿದ್ದವು.

"ಕಾಕೂ, ಈ ಪಟ್ಟಿ ಅಷ್ಟ ಕೊಡ್ರಿ, ಕೆಲಸ ಆದಕೂಡ್ಲೆ ತಂದ ಕೊಡ್ತೀನಿ."

ಕಾಕು ದೇವರ ಕೋಣೆಯಲ್ಲಿ ನವರಾತ್ರಿಗೆ ಕೂರಿಸಿದ್ದ ಕಳಶದ ಕಡೆ ನೋಡಿದರು. "ಘಟ ಕುಂತಾವು, ಬಾಳಾ. ಘಟ ಏಳೂತನಾ ನಮ್ಮ ಮನಿಯಿಂದ ಲೋಖಂಡದ ವಸ್ತು ಹೊರಗ ಕೊಡೂದಿಲ್ಲ. ನಮ್ಮ ಅತ್ತಿ ಕಾಲದಿಂದ ಹಂಗೈತಿ."

"ಇದು ಕಬ್ಬಿಣ ಅಲ್ಲರೀ ಕಾಕೂ."

"ಲೋಖಂಡದ ಹೊಟ್ಟ್ಯಾಗಿಂದ ತಗೀತೀಯಲ್ಲ? ಹಂಗಾದ್ರ ಅದೂ ಲೋಖಂಡನ." ಅಷ್ಟು ಹೇಳಿ ನನ್ನ ಕೈ ಹಿಡಿದುಕೊಂಡರು. "ದಸರಾಕ್ಕ ನಾ ಬೆಳಗಾವಿಗೆ ಮಗಳ ಮನಿಗೆ ಬರಾಕಿ ಅದೀನಿ. ಖರೇ ಹೇಳ್ತೀನಿ, ನಾನ ನಿಮ್ಮ ಮನಿಗೆ ತಂದ ಕೊಡ್ತೀನಿ. ಕಾಯಿ."

'ಕಾಯಿ' ಎನ್ನುವುದನ್ನು ಅವರು ಎಷ್ಟು ಪ್ರೀತಿಯಿಂದ ಹೇಳಿದರೆಂದರೆ ಸಿಟ್ಟು ಮಾಡಲೂ ಬರಲಿಲ್ಲ. ಬಸ್ಸಿನಲ್ಲಿ ಬರುತ್ತ ಮಾತ್ರ ಕಾಕುವನ್ನೂ, ಅವರ ಅತ್ತೆಯನ್ನೂ, ಅತ್ತೆಯ ಅತ್ತೆಯನ್ನೂ ಮನಸ್ಸಿನಲ್ಲೇ ಬೈದೆ.

ಕಾಯುತ್ತಿದ್ದೆನೇನೋ. ಆದರೆ ಮನೆಗೆ ಬಂದು ನೋಡಿದರೆ ಒಂದು ಡಿಸ್ಕಿನ ಹಸಿರು ದೀಪ ಕೆಂಪಾಗಿತ್ತು. ಇನ್ನೊಂದು ಹೀಗೇ ಕೆಂಪಾದರೆ ಮೆಮರಿ ಬಂದರೂ ಮಾಡುವುದೇನೂ ಉಳಿಯುವುದಿಲ್ಲ. ಒಂದು ಅಡ್ಡದಾರಿಯಿತ್ತು: ಹೊರಗಿನಿಂದ ಬೇರೊಂದು ಡಿಸ್ಕು ಜೋಡಿಸಿ, ಅದನ್ನೇ ಮೆಮರಿ ಎಂದು ಯಂತ್ರಕ್ಕೆ ನಂಬಿಸುವುದು. ನಂಬುತ್ತದೆ, ಆದರೆ ಬಸವನಹುಳುವಿನಂತೆ ತೆವಳುತ್ತದೆ. ದಿನಗಟ್ಟಲೆ ಹಿಡಿಯುತ್ತದೆ. ತಪಾಸಣೆ ಹಳೆಯ ನಕಾಶೆ ಹರಿದು ಹೊಸದು ಬರೆಯುತ್ತ ಹೋಗುತ್ತದೆ. ಬರೆಯುವ ನಡುವೆ ಯಂತ್ರ ಆರಿದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಅದಕ್ಕೇ ಇನ್ವರ್ಟರಿನಿಂದ ಮನೆಯ ಫ್ಯಾನು ದೀಪ ಎಲ್ಲ ಕಿತ್ತು ಅದೊಂದಕ್ಕೇ ಜೋಡಿಸಿದೆ. ಕರೆಂಟು ಹೋದಾಗ ಅವ್ವ ರಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತ, "ನಿಮ್ಮಪ್ಪನ ದಡಿಗೆ ಗಾಳಿ ಬೇಕು, ನನಗ ಬ್ಯಾಡ" ಎಂದು ಗೊಣಗಿದಳು.

ಎಲ್ಲರಿಗೂ ಹೇಳಿದೆ. ಅವ್ವನಿಗೆ, ಕಾಕಾನಿಗೆ, ಕಸ ಹೊಡೆಯುವವಳಿಗೆ, ಯಾರೂ ಮೆಟ್ಟಿಲ ಕೆಳಗೆ ಹೋಗಬೇಡಿ ಎಂದೆ. ಅಪ್ಪನಿಗೂ ಹೇಳಿದೆ.

"ನಾ ಯಾಕ ಮುಟ್ಟಲಿ," ಅಂದ ಅಪ್ಪ. "ಅದರಾಗ ಇರೂದು ನನ್ನ ಜೀವ."

ತಪಾಸಣೆ ನಡೆದೇ ಇತ್ತು. ಪರದೆಯ ಮೇಲೆ ಒಂದು ಗೆರೆ, ಅದು ಮುಂದೆ ಸರಿದದ್ದು ಕಣ್ಣಿಗೆ ಕಾಣುತ್ತಿರಲಿಲ್ಲ, ಬೆಳಿಗ್ಗೆ ನೋಡಿ ಸಂಜೆ ನೋಡಿದರೆ ಮಾತ್ರ ಗೊತ್ತಾಗುತ್ತಿತ್ತು. ನಾನು ಕಚೇರಿಯಿಂದಲೂ ಫೋನಿನಲ್ಲಿ ನೋಡುತ್ತಿದ್ದೆ. ಅರ್ಧ ದಾಟಿತು. ಅಪ್ಪ ಪ್ರತಿ ಸಂಜೆ ಕೇಳುತ್ತಿದ್ದ, "ಎಲ್ಲಿಗೆ ಬಂತು?" ನಾನು ಬೆಂಗಳೂರು ಗಾಡಿಯ ಲೆಕ್ಕದಲ್ಲಿ ಹೇಳುತ್ತಿದ್ದೆ, ಧಾರವಾಡ ದಾಟಿತು, ಹಾವೇರಿ ಬಂತು. ಅವನು ತಲೆಯಾಡಿಸಿ ಕೂರುತ್ತಿದ್ದ. ಆ ದಿನಗಳಲ್ಲಿ ಅವನ ಮುಖ ನೋಡಲು ಸಂತೋಷವಾಗುತ್ತಿತ್ತು. ಕಾಕಾ ದಪ್ಪ ದಾರ ತಂದು ಇಟ್ಟಿದ್ದರು. ಅದರ ಉಂಡೆಯನ್ನು ಅಪ್ಪ ಮಡಿಲಲ್ಲಿ ಇಟ್ಟುಕೊಂಡೇ ರೇಡಿಯೋ ಕೇಳುತ್ತಿದ್ದ.

ಖಂಡೇ ಪೂಜೆ, ಅಂದರೆ ಆಯುಧ ಪೂಜೆ, ಬಂತು. ನಮ್ಮ ಓಣಿಯಲ್ಲಿ ವರ್ಷವಿಡೀ ಮಗ್ಗದ ಖಟಖಟ ಇರುತ್ತದೆ, ಖಂಡೇ ಪೂಜೆಯ ದಿನ ಮಾತ್ರ ಇಲ್ಲ. ಮಗ್ಗ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿ ಸುಮ್ಮನಾಗಿಸುತ್ತಾರೆ. ಮರುದಿನ ಬನ್ನಿ ಕೊಡುವವರೆಗೆ ಮುಟ್ಟುವುದಿಲ್ಲ. ದುಡಿದ ವಸ್ತುವಿಗೆ ವರ್ಷಕ್ಕೆ ಅದೊಂದು ದಿನ ವಿಶ್ರಾಂತಿ. ಪ್ರತಿ ಮನೆಯಲ್ಲೂ ಹಿರಿಯರೇ ತಮ್ಮ ಕೈಯಿಂದ ಅದನ್ನು ನಿಲ್ಲಿಸಬೇಕು. ನಮ್ಮ ಮನೆಯಲ್ಲಿ ಮಗ್ಗವಿಲ್ಲ. ಅಪ್ಪನ ರಟ್ಟು ಹೊಡೆಯುವ ಯಂತ್ರಕ್ಕೂ ಪೆನ್ಸಿಲ್ಲುಗಳಿಗೂ ಪೂಜೆ. ಸರ್ವರ್‌ಗೆ ದೂರದಿಂದಲೇ ಹೂವು. ಅದನ್ನು ಆರಿಸಲು ನಾನು ಯಾವ ವರ್ಷವೂ ಬಿಟ್ಟಿರಲಿಲ್ಲ. ಮತ್ತೆ ಏಳುತ್ತದೋ ಇಲ್ಲವೋ ಎಂಬ ಭಯ.

ಆವತ್ತು ನಮ್ಮ ಕಚೇರಿಯಲ್ಲೂ ಪೂಜೆಯಿತ್ತು. ಸರ್ವರ್ ಕೋಣೆಯ ಬಾಗಿಲಿಗೆ ಬಾಳೆಕಂಬ ಕಟ್ಟಿ, ಯಂತ್ರಗಳು ಓಡುತ್ತಿರುವಾಗಲೇ ಕಪಾಟಿಗೆ ಕುಂಕುಮ ಹಚ್ಚಿ, ಫೇಡೆ ಹಂಚಿದರು. ಫೇಡೆ ಬಾಯಿಗೆ ಹಾಕಿಕೊಂಡು ಫೋನು ನೋಡಿದೆ. ಮನೆಯ ಯಂತ್ರ ಸಿಗಲಿಲ್ಲ. ಮತ್ತೆ ನೋಡಿದೆ. ಇಂಟರ್ನೆಟ್ಟು ಹೋಗಿರಬೇಕು ಅಂದುಕೊಂಡೆ. ಅವ್ವನಿಗೆ ಫೋನು ಹಚ್ಚಿದರೆ, ಮನೆಯಲ್ಲಿ ಕರೆಂಟು ಇದೆ, ದೀಪ ಹತ್ತಿದೆ ಅಂದಳು. ಯಾರಿಗೂ ಹೇಳದೆ ಸ್ಕೂಟಿ ಹತ್ತಿದೆ.

ಖಾಸಬಾಗಕ್ಕೆ ಬಂದರೆ ಓಣಿಯೆಲ್ಲ ಸದ್ದಿಲ್ಲದೆ ನಿಂತಿತ್ತು. ನಮ್ಮ ಮನೆಯೊಳಗೂ ಸದ್ದಿರಲಿಲ್ಲ. ಮೆಟ್ಟಿಲ ಕೆಳಗಿನ ಫ್ಯಾನಿನ ಗುಂಯ್ ಎನ್ನುವ ಸದ್ದು ವರ್ಷಗಳಿಂದ ಕೇಳಿ ಕೇಳಿ, ಅದು ಇದೆ ಎಂಬುದೇ ನನಗೆ ಮರೆತುಹೋಗಿತ್ತು. ಇಲ್ಲದಾಗ ಗೊತ್ತಾಯಿತು.

ಅಪ್ಪ ಮೆಟ್ಟಿಲ ಬಾಜುವಿನಲ್ಲಿ ಮಣೆಯ ಮೇಲೆ ಕೂತಿದ್ದ. ಬಲಗೈಯ ಬೆರಳುಗಳೆಲ್ಲ ಕುಂಕುಮ. ಸರ್ವರಿನ ಹಣೆಗೆ ವಿಭೂತಿ ಮೂರು ಗೆರೆ, ವಾರೆಯಾಗಿದ್ದವು, ಕಣ್ಣಿಲ್ಲದ ಕೈ ಎಳೆದದ್ದು. ಮೇಲೆ ಚೆಂಡುಹೂವು. ದೀಪಗಳೆಲ್ಲ ಆರಿದ್ದವು.

"ಬಂದ್ಯಾ ತಂಗಿ?" ಅಂದ. ದನಿಯಲ್ಲಿ ಖುಷಿಯಿತ್ತು. "ಓಣಿ ಎಲ್ಲಾ ತಣ್ಣಗಾಗೇತಿ, ಇದೊಂದ ಗುಂಯ್ ಅಂತ ಅಳಾಕತ್ತಿತ್ತು. ಎಷ್ಟ ವರ್ಷಾತು, ಒಂದ ಖಂಡೇ ಪೂಜಿಗೂ ಇದಕ್ಕ ಸೂಟಿ ಕೊಡ್ಲಿಲ್ಲ ನೀ. ಅದಕ್ಕ ಹಿಂಗ ಜಡ್ಡಿಗೆ ಬಿದ್ದೈತಿ. ಗುಂಡಿ ಒತ್ತಿದೆ, ಕೇಳಲಿಲ್ಲ. ಒತ್ತಿ ಹಿಡದೆ ನೋಡು, ಹಟ ಮಾಡೂ ಕೂಸಿನಂಗ ಒಮ್ಮೆಲೆ ನಿದ್ದಿ ಹೋತು. ನಾಳೆ ಬನ್ನಿ ಕೊಟ್ಟ ಎಬ್ಬಸೂಣು. ಆರಾಮ ಆಗಿರ್ತೈತಿ."

ಅವನು ನನ್ನ ಮಾತು ಮರೆತಿರಲಿಲ್ಲ. ಮುಟ್ಟಬೇಡ ಎಂದಿದ್ದೆ, ಅವನು ಮುಟ್ಟಿರಲಿಲ್ಲ. ಪೂಜೆ ಮಾಡಿದ್ದ. ಅವನ ಲೆಕ್ಕದಲ್ಲಿ ಅವೆರಡೂ ಒಂದೇ ಅಲ್ಲ. ಕಾಯಿಲೆ ಬಿದ್ದದ್ದಕ್ಕೆ ಅವನು ತನಗೆ ಗೊತ್ತಿದ್ದ ಮದ್ದು ಕೊಟ್ಟಿದ್ದ.

ನಾನು ಮಾತಿಗೆ ಮುಂಚೆ ಸಿಟ್ಟಾಗುವವಳು, ಮನೆಯಲ್ಲಿ ಎಲ್ಲರಿಗೂ ಗೊತ್ತು. ಆವತ್ತು ಅಡಿಗೆ ಮನೆಗೆ ಹೋಗಿ ನೀರು ಕುಡಿದೆ. ಅವ್ವ ಕಡುಬು ಕರಿಯುತ್ತಿದ್ದಳು, ನನ್ನ ಮುಖ ನೋಡಿ ಜಾಲರಿ ಸೌಟು ಕೆಳಗಿಟ್ಟಳು. "ಏನಾತು?" ಅಂದಳು. ಏನಿಲ್ಲ ಅಂದೆ.

ಮರುದಿನ ಸಂಜೆ ಖಾನಾಪುರದ ಕಾಕು ಬಂದರು. ಮಾತು ಅಂದರೆ ಮಾತು; ಮಗಳ ಮನೆಗೆ ಹೋಗುವ ಮೊದಲೇ ನಮ್ಮ ಮನೆಗೆ ಬಂದಿದ್ದರು. ಹೊಸ ಕರವಸ್ತ್ರದಲ್ಲಿ ಮೆಮರಿ ಪಟ್ಟಿಗಳನ್ನು ಸುತ್ತಿ, ಮೇಲೆ ಬನ್ನಿ ಎಲೆಯಿಟ್ಟು ಎರಡೂ ಕೈಯಿಂದ ಕೊಟ್ಟರು. "ಸೋನ ತಗೋ ಬಾಳಾ. ಬಂಗಾರದಂಗ ಇರೂಣು." ನಾನು ಅವರ ಕಾಲಿಗೆ ನಮಸ್ಕಾರ ಮಾಡಿದೆ. ಘಟದ ದಿನ ಅವರು ಒಂದು ಪದ್ಧತಿ ಮುರಿದಿದ್ದರೆ, ಅಥವಾ ಖಂಡೇ ಪೂಜೆಗೆ ಅಪ್ಪ ಒಂದು ಪದ್ಧತಿ ಮುರಿದಿದ್ದರೆ ಸಾಕಾಗಿತ್ತು. ಇಬ್ಬರೂ ಮುರಿಯುವವರಲ್ಲ.

ಪಟ್ಟಿಗಳನ್ನು ಹಾಕಿ, ಯಂತ್ರ ಎಬ್ಬಿಸಿ, ತಪಾಸಣೆ ಶುರು ಮಾಡಿದೆ. ಅಪ್ಪ ಬಾಜುವಿನಲ್ಲೇ ಕೂತಿದ್ದ. ಇಷ್ಟು ದಿನ ತೆವಳಿದ ಗೆರೆ ಈಗ ಓಡಿತು. ಚಹಾ ಕುಡಿದು ಮುಗಿಸುವುದರೊಳಗೆ ತಪಾಸಣೆ ಮುಗಿದಿತ್ತು. ಫೈಲ್ ಸಿಸ್ಟಂ ಸ್ವಚ್ಛವಾಗಿದೆ ಎಂದು ಬಂತು. ಯಾವ ಎಚ್ಚರಿಕೆಯೂ ಇಲ್ಲ. ವರ್ಷಗಳಿಂದ ಬರುತ್ತಿದ್ದ ಆ ಸಾಲೂ ಇಲ್ಲ.

"ಇನ್ನ ಎಚ್ಚರಿಕಿ ಕೊಡಾಕತ್ತೇತೇನು?" ಅಪ್ಪ ಕೇಳಿದ.

"ಇಲ್ಲ."

"ನೋಡ್ದಿ?" ಅಂದು ಅಪ್ಪ ನಕ್ಕ. "ಒಂದ ದಿನದ ಸೂಟಿ ಸಾಕಾತು."

ಸ್ವಚ್ಛವೇನೋ ಹೌದು. ದಡಿಗಳ ಫೋಲ್ಡರ್ ಇರಬೇಕಾದಲ್ಲಿ ಏನೂ ಇರಲಿಲ್ಲ. ಮಾಲಕ ಸಿಗದ ಸಾಮಾನನ್ನು ಒಂದು ಕಡೆ ಒಟ್ಟುವ ಫೋಲ್ಡರ್ ಒಂದಿರುತ್ತದೆ, ಅದರಲ್ಲಿ ಹೆಸರಿಲ್ಲದ ಚೂರುಗಳು ಬಿದ್ದಿದ್ದವು. ಮುಂದಿನ ದಿನಗಳಲ್ಲಿ ಅವನ್ನು ಒಂದೊಂದಾಗಿ ತೆರೆದು ನೋಡಿದೆ. ಬರಿ ಕಪ್ಪು, ಬರಿ ಬೂದು, ಅಡ್ಡ ಗೆರೆ. ಇರುವೆ ಸಾಲು ಇಲ್ಲ, ಹುಣಸೆ ಹೂವು ಇಲ್ಲ, ಅವ್ವನ ಬಳೆ ಇಲ್ಲ. ಒಂದು ಚೂರಿನಲ್ಲಿ ಮಾತ್ರ ಗುಬ್ಬಿಯ ಕಾಲು ಕಂಡವು. ಮೇಲಿನಿಂದ ಅರ್ಧದವರೆಗೆ ಇದ್ದವು. ಕೆಳಗಿನ ಅರ್ಧ ಖಾಲಿ.

ಅಪ್ಪನಿಗೆ ಹೇಳಲಾಗಲಿಲ್ಲ. ಇವತ್ತು ಹೇಳುತ್ತೇನೆ ಅಂದುಕೊಂಡು ಕಚೇರಿಯಿಂದ ಹೊರಡುತ್ತಿದ್ದೆ, ಮನೆಗೆ ಬಂದರೆ ಅವನು ದಾರದ ಉಂಡೆ ಹಿಡಿದು ಕೂತಿರುತ್ತಿದ್ದ. ದೀಪಾವಳಿ ಹತ್ತಿರ ಬಂತು. ಆ ಅರ್ಧವನ್ನೇ ಪೆನ್‌ಡ್ರೈವಿಗೆ ಹಾಕಿ ಕಾಕಾನಿಗೆ ಕೊಟ್ಟೆ. ಅವರು ಪರದೆ ನೋಡಿದರು, ನನ್ನನ್ನು ನೋಡಿದರು. "ಇಷ್ಟ ಏನವಾ?" ಅಂದರು. ಇಷ್ಟೇ ಅಂದೆ. ಅವರು ಮಗ್ಗ ಹಚ್ಚಿದರು. ಆ ಮಗ್ಗ ಕೊನೆಯದಾಗಿ ನೇಯ್ದದ್ದು ಅದೇ.

ಕಾಕಾ ಬಟ್ಟೆಯನ್ನು ತಾವೇ ತಂದು ಅಪ್ಪನ ತೊಡೆಯ ಮೇಲೆ ಇಟ್ಟರು. ಅಪ್ಪ ಅಂಗಿಗೆ ಕೈ ಒರೆಸಿಕೊಂಡು, ಬೆರಳನ್ನು ಅಂಚಿಗೆ ಹಚ್ಚಿದ. ಮೊದಲ ಗುರುತು ಸಿಕ್ಕ ಕೂಡಲೇ ಮುಖ ಅರಳಿತು.

"ಗುಬ್ಬಿ," ಅಂದ. "ಏ ಇವಳಽ, ನಿನ್ನ ಹಿಟ್ಟಿನ ಮ್ಯಾಲಿನ ಗುಬ್ಬಿ!"

ಅವ್ವ ಅಡಿಗೆ ಮನೆಯ ಬಾಗಿಲಲ್ಲಿ ಬಂದು ನಿಂತಳು. ಅಪ್ಪನ ಬೆರಳು ಒಂದೊಂದೇ ಹೆಜ್ಜೆ ಮುಟ್ಟುತ್ತ ಮುಂದೆ ಹೋಯಿತು. ಅರ್ಧ ಗೇಣು. ಅಲ್ಲಿ ನೇಯ್ಗೆ ನುಣ್ಣಗಾಯಿತು. ಬೆರಳು ಸ್ವಲ್ಪ ಮುಂದೆ ಹೋಗಿ ನಿಂತಿತು, ಹಿಂದೆ ಬಂದು ಕೊನೆಯ ಹೆಜ್ಜೆಯನ್ನು ಮತ್ತೆ ಮುಟ್ಟಿತು, ಮತ್ತೆ ಮುಂದೆ ಹೋಯಿತು. ಬಟ್ಟೆ ಮುಗಿಯುವವರೆಗೆ ಸವರಿದ. ಏನೂ ಇರಲಿಲ್ಲ.

"ಮುಂದ?" ಅಂದ.

"ಮುಂದ ಇಲ್ಲಪ್ಪಾ."

"ಉಳಿದವು?"

"ಅವೂ ಇಲ್ಲ."

ಕಾಕಾ ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಅಪ್ಪ ಕೊನೆಯ ಹೆಜ್ಜೆಯ ಮೇಲೆ ಬೆರಳಿಟ್ಟ. ಆಮೇಲೆ ನಾನು ಹೆದರುತ್ತಿದ್ದ ಪ್ರಶ್ನೆ ಬಂತು.

"ಆವತ್ತ ನಾ ಬಂದ್ ಮಾಡಿದ್ದಕ್ಕ ಹಿಂಗಾತೇನು?"

"ಇಲ್ಲ. ಮೊದ್ಲಽ ಕೆಟ್ಟಿತ್ತು ಅದು. ಮೆಮರಿ ಸಾಲಲಿಲ್ಲ." ಎರಡೂ ನಿಜವೇ. ಆದರೆ ನನ್ನ ದನಿ ನನಗೇ ಸುಳ್ಳಾಗಿ ಕೇಳಿತು. ಕಣ್ಣು ಹೋದ ಮೇಲೆ ಅಪ್ಪನಿಗೆ ಉಳಿದಿರುವುದು ದನಿಯೊಂದೇ. ಅವನು ಮತ್ತೆ ಕೇಳಲಿಲ್ಲ.

ಬಟ್ಟೆಯನ್ನು ಅರ್ಧಕ್ಕೆ ಮಡಿಚಿ, ನುಣ್ಣನೆಯ ಕಡೆ ಒಳಗೆ ಹೋಗುವಂತೆ ಮತ್ತೆ ಮಡಿಚಿ, ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ. ಗೋಡೆ ಹಿಡಿದು ಎದ್ದು ಮೆಟ್ಟಿಲ ಕೆಳಗೆ ಹೋದ. ಯಂತ್ರ ಓಡುತ್ತಲೇ ಇತ್ತು, ಒಳಗೆ ಏನೂ ಇಲ್ಲದಿದ್ದರೂ ಅದೇ ಗುಂಯ್ ಸದ್ದು. ಅಪ್ಪ ಅದರ ನೆತ್ತಿ ಸವರಿದ, ಕೈ ಇಳಿದು ಗುಂಡಿಯ ಮೇಲೆ ಬಂತು. ಬೆರಳು ಅಲ್ಲೇ ನಿಂತಿತು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು ಧೋತರಕ್ಕೆ ಒರೆಸಿಕೊಂಡ.

"ಬಂದ್ ಮಾಡಿಬಿಡು ತಂಗಿ," ಅಂದ. "ನೀನ ಮಾಡು. ನನ್ನ ಕೈ ಬ್ಯಾಡ."

ನಾನು ಬಗ್ಗಿ ಗುಂಡಿ ಒತ್ತಿ ಹಿಡಿದೆ. ಫ್ಯಾನು ನಿಲ್ಲುವವರೆಗೆ ಅಪ್ಪ ಅಲ್ಲೇ ನಿಂತು ಕೇಳಿದ, ಆಮೇಲೆ ಗೋಡೆ ಹಿಡಿದು ಒಳಗೆ ಹೋದ.